ನಾಳೆ ಬೆಳಗಿನ ಹೊಗೆ

ಭಟ್ಟಿಯಣ್ಣನ ಮಗಳು ಠಾಣೆಗೆ ಬಂದದ್ದು ಸೋಮವಾರ ಬೆಳಗ್ಗೆ ಹತ್ತೂವರೆಗೆ. ಅವಳ ಎರಡೂ ಕೈಗಳು ಮೊಣಕೈವರೆಗೆ ಮಸಿ ಹಿಡಿದಿದ್ದವು. ಠಾಣೆಯಲ್ಲಿ ಎಲ್ಲರೂ ದಫೇದಾರಮ್ಮ ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲ್ ಕುರ್ಚಿ ತೋರಿಸಿದರು. ಹುಡುಗಿ ಕೂರಲಿಲ್ಲ.

“ನಮ್ಮಪ್ಪ ಸತ್ತುಹೋದ್ರು. ಹೊಗೆ ಕುಡಿದು ಸತ್ತಿದ್ದಾರೆ, ಆಕಸ್ಮಿಕ ಅಂತ ಆಸ್ಪತ್ರೆಯವರು ಹೇಳ್ತಿದ್ದಾರೆ. ಆಕಸ್ಮಿಕ ಅಲ್ಲ. ಬರ್ಕೊಳ್ಳಿ.”

“ಯಾರಮ್ಮ ನಿಮ್ಮಪ್ಪ?”

“ಹಳೇ ಬೀದಿ ಬೇಕರಿಯವರು.”

ದಫೇದಾರಮ್ಮ ಹಿಡಿದಿದ್ದ ಪೆನ್ನು ಹಾಗೇ ನಿಂತಿತು. ಠಾಣೆಯಲ್ಲಿ ಭಟ್ಟಿಯಣ್ಣನ ಬನ್ನು ತಿನ್ನದವರು ಯಾರೂ ಇರಲಿಲ್ಲ. ಮಾತು ಕೇಳಿಸಿಕೊಂಡ ಇನ್ಸ್‌ಪೆಕ್ಟರ್ ಒಳಗಿನ ಕೋಣೆಯಿಂದ ಎದ್ದು ಬಂದರು.

“ಆಕಸ್ಮಿಕ ಅಲ್ಲ ಅಂತ ಹೇಗೆ ಹೇಳ್ತೀಯಮ್ಮ?”

“ನಾನು ಹುಟ್ಟೋಕೆ ಮುಂಚಿನಿಂದ ಆ ಭಟ್ಟಿ ಉರಿಸ್ತಿದ್ದವರು ಸಾರ್. ಹೊಗೆ ಒಳಗೆ ನಿಂತದ್ದನ್ನ ನಾನು ಒಂದು ದಿನಾನೂ ನೋಡಿಲ್ಲ. ಹೊಗೆ ಕೊಳವೆ ಗುಡಿಸೋಕೆ ಬೇರೆಯವರನ್ನ ನಂಬ್ತಿರಲಿಲ್ಲ, ತಾವೇ ಹತ್ತುತ್ತಿದ್ರು.”

“ಯಾರ ಮೇಲಾದ್ರೂ ಅನುಮಾನ?”

“ಕಟ್ಟಡ ಕೊಂಡ ಕಂಪನಿಯವರ ಮೇಲೆ. ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ಜಾಗ ಬಿಡ್ತೀವಿ ಅಂತ ಎಲ್ಲರೂ ರುಜು ಹಾಕಿ ಆಗಿದೆ, ಅಪ್ಪ ಒಬ್ಬರೇ ಹಾಕಿರಲಿಲ್ಲ.”

ಇನ್ಸ್‌ಪೆಕ್ಟರ್‌ಗೆ ಆ ಬೀದಿ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ, ತಮ್ಮ ದೇಶದಲ್ಲಿ ಬಾಳಲಾಗದೆ ಗಡಿ ದಾಟಿ ಬಂದವರು ನಗರದಲ್ಲಿ ಯಾರಿಗೂ ಬೇಡವಾಗಿದ್ದ ಆ ಸಾಲು ಕಟ್ಟಡಗಳಲ್ಲಿ ಕಡಿಮೆ ಬಾಡಿಗೆಗೆ ನೆಲೆ ನಿಂತಿದ್ದರು. ದರ್ಜಿಗಳು, ಲಾಂಡ್ರಿಯವರು, ಗಡಿಯಾರ ರಿಪೇರಿಯವರು. ಈಗ ಅದೇ ಬೀದಿ ಎಲ್ಲರಿಗೂ ಬೇಕಾಗಿತ್ತು. ಎದುರು ಸಾಲಿನಲ್ಲಿ ಗಾಜಿನ ಬಾಲ್ಕನಿಗಳ ಹತ್ತು ಮಹಡಿ ಎದ್ದಿತ್ತು. ಕೆಳಗೆ ಒಂದು ಕಾಫಿ ಅಂಗಡಿ, ಒಂದು ಜಿಮ್ಮು, ನಾಯಿಗಳಿಗೆ ಕ್ಷೌರ ಮಾಡುವ ಒಂದು ಅಂಗಡಿ. ಹಳೆಯ ಸಾಲನ್ನು ಕೊಂಡ ಕಂಪನಿ ಬಾಡಿಗೆದಾರರಿಗೆ ಊರಾಚೆ ಹೊಸ ಬ್ಲಾಕಿನಲ್ಲಿ ಮನೆ ಕೊಡುವುದಾಗಿ ಹೇಳಿತ್ತು. ಅದಕ್ಕೊಂದು ಷರತ್ತು: ಎಲ್ಲರೂ ಒಪ್ಪಿ ಜಾಗ ಬಿಟ್ಟರೆ ಎಲ್ಲರಿಗೂ ಮನೆ, ಒಬ್ಬರು ಉಳಿದರೂ ಯಾರಿಗೂ ಇಲ್ಲ. ಗಡುವು ಆ ತಿಂಗಳ ಕೊನೆ.

ಅಸಹಜ ಸಾವಿನ ವರದಿ ಬರೆದುಕೊಂಡು, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲು ಹೇಳಿ, ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಜೊತೆಗೆ ದಫೇದಾರಮ್ಮ, ಮತ್ತು ಏಣಿ ಎಂಬ ಅಡ್ಡಹೆಸರಿನ, ಬಾಗಿಲು ಸಿಕ್ಕಲ್ಲೆಲ್ಲ ತಲೆ ತಗ್ಗಿಸಿ ಅಭ್ಯಾಸವಾಗಿದ್ದ ಉದ್ದನೆಯ ಕಾನ್‌ಸ್ಟೆಬಲ್.

ಬೇಕರಿ ಒಂದೇ ಕೋಣೆಯದು. ಹಿಂದಿನ ಗೋಡೆಗೆ ಸೌದೆಯ ಭಟ್ಟಿ, ಪಕ್ಕದಲ್ಲಿ ಹಿಟ್ಟು ನಾದುವ ಯಂತ್ರ, ಬಲಕ್ಕೆ ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲು. ಗೋಡೆ ಎದೆಮಟ್ಟದಿಂದ ಮೇಲೆ ಪೂರ್ತಿ ಕಪ್ಪಾಗಿತ್ತು. ಹಿಂದಿನ ಕಿಟಕಿಗೆ ರಟ್ಟು ಹೊಡೆದು, ಸಂದುಗಳಿಗೆ ಅಗಲವಾದ ಟೇಪು ಅಂಟಿಸಲಾಗಿತ್ತು. ಶಟರಿನ ಅಡಿಗೆ ಹಳೆಯ ಕಂಬಳಿಯ ಸುರುಳಿ.

ಪಂಚನಾಮೆಗೆ ಪಂಚರಾಗಿ ಲಾಂಡ್ರಿಯವನನ್ನೂ ಗಡಿಯಾರ ರಿಪೇರಿಯವನನ್ನೂ ಕರೆಸಿದರು.

“ಈ ಟೇಪು ಯಾರು ಹಚ್ಚಿದ್ದು?” ಇನ್ಸ್‌ಪೆಕ್ಟರ್ ಕೇಳಿದರು.

“ಅವನೇ ಸಾರ್,” ಎಂದ ಲಾಂಡ್ರಿಯವನು. “ಎದುರು ಮನೆಯವರು ದೂರಿನ ಮೇಲೆ ದೂರು ಕೊಡ್ತಿದ್ರು. ನಸುಕಿನಲ್ಲಿ ಯಂತ್ರದ ಸದ್ದಂತೆ. ಆಮೇಲೆ ವಾಸನೆ. ರೊಟ್ಟಿ ವಾಸನೆಗೆ ಅವರಿಗೆ ನಿದ್ದೆ ಹಾಳಾಗುತ್ತಂತೆ! ನಮಗೆ ನೋಡಿ, ಆ ವಾಸನೆ ಬಂದ್ರೇನೇ ಬೆಳಗಾಗೋದು. ದಂಡ ಹಾಕ್ತೀವಿ ಅಂತ ನಗರಸಭೆಯವರು ಹೆದರಿಸಿದ ಮೇಲೆ ಕಿಟಕಿ ಮುಚ್ಚಿದ. ಶಟರ್ ಇಳಿಸಿಕೊಂಡೇ ಕೆಲಸ ಮಾಡ್ತಿದ್ದ.”

“ಒಬ್ಬನೇನಾ?”

“ಮೊದಲು ಇಬ್ಬರು ಆಳುಗಳಿದ್ರು. ಇಲ್ಲಿ ಬಾಡಿಗೆ ಏರಿ ಊರಾಚೆ ಹೋದ್ರು. ಅಲ್ಲಿಂದ ನಸುಕಿಗೆ ಬರೋಕೆ ಬಸ್ಸೆಲ್ಲಿದೆ?”

ದೇಹ ಸಿಕ್ಕಿದ್ದು ಅಟ್ಟದಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಹಾಸಿದ್ದ ಚಾಪೆಯ ಮೇಲೆ. ಆಳುಗಳು ಹೋದ ಮೇಲೆ ಅಪ್ಪ ಭಟ್ಟಿ ಹೊತ್ತಿಸಿ, ಅದು ಕಾಯುವಷ್ಟು ಹೊತ್ತು ಅಲ್ಲಿ ಒರಗುತ್ತಿದ್ದರೆಂದು ಮಗಳು ಹೇಳಿದಳು. ಒಬ್ಬರೇ ಎಷ್ಟೆಂದು ಮಾಡಿಯಾರು. ಆ ದಿನ ಅವಳು ಬೆಳಗ್ಗೆ ಎರಡನೇ ಮಹಡಿಯ ಮನೆಯಿಂದ ಇಳಿದು ಬಂದಾಗ ಶಟರಿನ ಸಂದಿಯಲ್ಲಿ ಹೊಗೆ ಕಂಡಿತ್ತು. ಕೂಗಿಕೊಂಡಳು. ಮೂರನೇ ಮಹಡಿಯಿಂದ ಅವಳ ಮಾವ, ಎಂದರೆ ಸತ್ತವನ ತಂಗಿಯ ಗಂಡ, ಓಡಿ ಬಂದು ಶಟರ್ ಎತ್ತಿದ. ಮುಖಕ್ಕೆ ಒದ್ದೆ ಟವೆಲ್ಲು ಸುತ್ತಿಕೊಂಡು ಅಟ್ಟ ಹತ್ತಿ, ಹೆಗಲ ಮೇಲೆ ಹೊತ್ತು ಇಳಿಸಿದವನೂ ಅವನೇ.

ಅವನು ದರ್ಜಿ. ಅರವತ್ತರ ಹತ್ತಿರದ, ಬೆನ್ನು ಬಾಗಿದ ಮನುಷ್ಯ. ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ. ಬಲ ಮುಂಗೈ ಸುಟ್ಟು ಬೊಬ್ಬೆ ಎದ್ದಿತ್ತು.

“ಆಸ್ಪತ್ರೆಗೆ ತೋರಿಸಿದ್ರಾ?”

“ಇದೇನಿಲ್ಲ ಸಾರ್.”

“ನಿಮ್ಮ ಭಾವನಿಗೆ ಶತ್ರುಗಳು ಯಾರಾದ್ರೂ?”

“ಇಲ್ಲ.”

“ಕಂಪನಿಯವರು?”

ದರ್ಜಿ ತಲೆ ಎತ್ತಲಿಲ್ಲ. “ಅವರು ಯಾವತ್ತೂ ದನಿ ಏರಿಸಿದವರಲ್ಲ. ನಗ್ತಾ ಬರ್ತಾರೆ, ನಗ್ತಾ ಹೋಗ್ತಾರೆ.”

ಅಷ್ಟು ಹೊತ್ತಿಗೆ ಮೇಲಿನಿಂದ ಏಣಿಯ ಕೂಗು ಕೇಳಿಸಿತು. ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗಳ ಆಚೆ ಬೇಕರಿಯ ಇಟ್ಟಿಗೆ ಕೊಳವೆ ಎದ್ದಿತ್ತು. ಅದರ ತಗಡಿನ ಟೋಪಿಯನ್ನು ಯಾರೋ ತೆಗೆದು ಮತ್ತೆ ಕೂರಿಸಿದ್ದರು. ಏಣಿ ಅದನ್ನೆತ್ತಿ ಒಳಗೆ ಕೈಹಾಕಿದ್ದ. ಒಂದು ತೋಳುದ್ದ ಕೆಳಗೆ ಏನೋ ಮೆತ್ತಗೆ ಕೈಗೆ ತಾಗಿತ್ತು. ಅದಕ್ಕೊಂದು ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಕೊಳವೆಯ ಒಳಬಾಯಿಯ ಕಬ್ಬಿಣದ ಕೊಂಡಿಗೆ ಬಿಗಿದಿತ್ತು.

ಫೋಟೋ ತೆಗೆಸಿ, ಪಂಚರ ಎದುರು ಎಳೆದಾಗ ದಪ್ಪ ಬಟ್ಟೆಯ ಚೀಲವೊಂದು ಹೊರಬಂತು. ಅದರ ತುಂಬ ಬಟ್ಟೆ ಚಿಂದಿ, ಒದ್ದೆ ಮಾಡಿ ತುರುಕಿದ್ದು. ಕೆಳಭಾಗ ಸುಟ್ಟು ಕರಕಲಾಗಿತ್ತು. ಮೇಲ್ಭಾಗ ಇನ್ನೂ ತೇವ.

ದಫೇದಾರಮ್ಮ ಅದನ್ನು ಕೊಳವೆಯ ಬಾಯಿಗೆ ಹಿಡಿದು ನೋಡಿದರು. ನಾಲ್ಕು ಮೂಲೆಯೂ ಸರಿಯಾಗಿ ಕೂತವು.

“ಸಾರ್, ಇದು ಅಳತೆ ತಗೊಂಡು ಹೊಲಿದಿರೋದು.”

“ಬೀದೀಲಿ ದರ್ಜಿಗಳೆಷ್ಟು ಜನ?”

“ಕಣ್ಣು ಮುಚ್ಚಿ ಕೈ ಚಾಚಿದ್ರೆ ಒಬ್ಬ ದರ್ಜಿ ಸಿಗ್ತಾನೆ ಸಾರ್. ಚಿಂದಿ ಪ್ರತಿ ಬಾಗಿಲಲ್ಲೂ ಮೂಟೆಗಟ್ಟಲೆ ಬಿದ್ದಿರುತ್ತೆ.”

ಇನ್ಸ್‌ಪೆಕ್ಟರ್ ಹಗ್ಗವನ್ನೇ ನೋಡುತ್ತಿದ್ದರು. “ಕೊಲ್ಲಬೇಕು ಅನ್ನೋನು ಹಗ್ಗ ಯಾಕೆ ಕಟ್ಟಿದ? ಆಮೇಲೆ ಎಳೆದು ತೆಗೆಯೋ ಯೋಚನೆ ಇದ್ದೋನು ಮಾತ್ರ ಕಟ್ಟೋದು.”

“ಸಾಕ್ಷಿ ಮುಚ್ಚೋಕೆ ಇರಬಹುದು ಸಾರ್,” ಎಂದ ಏಣಿ.

“ಹಾಗಾದ್ರೆ ಇನ್ನೂ ಯಾಕೆ ತೆಗೆದಿಲ್ಲ?”

ಚೀಲ, ಹಗ್ಗ, ತಗಡಿನ ಟೋಪಿ ಮೂರನ್ನೂ ಜಪ್ತಿ ಮಾಡಿ, ಸಂಜೆ ನಾಲ್ಕಕ್ಕೆ ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ದಾಖಲಾಯಿತು.

*

ಕಂಪನಿಯ ಕಚೇರಿ ಎದುರಿನ ಹೊಸ ಕಟ್ಟಡದ ಕೆಳಮಹಡಿಯಲ್ಲೇ ಇತ್ತು. ಮ್ಯಾನೇಜರ್ ಎದ್ದು ಬಂದು ಕೈಕುಲುಕಿದ. ಅವನಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ.

“ಸಾರ್, ಹೋದ ತಿಂಗಳು ಮೇಡಂ ಜೊತೆ ಮಾದರಿ ಮನೆ ನೋಡೋಕೆ ಬಂದಿದ್ರಿ ಅಲ್ವಾ? ಏಳನೇ ಮಹಡೀದು?”

ದಫೇದಾರಮ್ಮ ಕಿಟಕಿಯ ಕಡೆ ತಿರುಗಿದರು. ಇನ್ಸ್‌ಪೆಕ್ಟರ್ ಕಿವಿ ಬಿಸಿಯಾಯಿತು.

“ಈಗ ಬೇರೆ ಕೆಲಸಕ್ಕೆ ಬಂದಿದ್ದೀನಿ. ಬೇಕರಿಯವರು ಬಿಟ್ಟುಕೊಡಲಿಲ್ಲ ಅಂತ ನಿಮಗೆ ಕೋಪ ಇತ್ತಾ?”

“ಕೋಪ ಯಾಕೆ ಸಾರ್? ಅವರ ಹಕ್ಕು ಅದು.”

“ಎಲ್ಲರೂ ಬಿಟ್ರೆ ಮಾತ್ರ ಮನೆ ಅನ್ನೋ ಷರತ್ತು ಯಾಕೆ?”

“ಒಂದು ಅಂಗಡಿ ಉಳಿದ್ರೂ ನಾವು ಕಟ್ಟಡ ಕೆಡವೋ ಹಾಗಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ ನಾವು ಒತ್ತಾಯ ಮಾಡಬಾರದು ಅಂತ ವಕೀಲರು ಹೇಳಿದ್ದಾರೆ. ಅವರವರೇ ಮಾತಾಡಿಕೊಂಡು ತೀರ್ಮಾನಕ್ಕೆ ಬರಲಿ ಅಂತ.”

“ಅವರವರೇ.”

“ಹೌದು ಸಾರ್.”

ಭಾನುವಾರ ಕಂಪನಿಯವರು ಯಾರಾದರೂ ಆ ಕಟ್ಟಡದೊಳಗೆ ಹೋಗಿದ್ದರೇ ಎಂದು ಕೇಳಿದ್ದಕ್ಕೆ, ಮ್ಯಾನೇಜರ್ ತಾನಾಗಿಯೇ ಮುಂಬಾಗಿಲ ಕ್ಯಾಮೆರಾದ ದೃಶ್ಯಗಳನ್ನು ಕೊಟ್ಟ. ಬಾಡಿಗೆದಾರರ ಸುರಕ್ಷತೆಗೆಂದು ಹಾಕಿಸಿದ್ದಂತೆ. ಏಣಿ ಮರುದಿನ ಮಧ್ಯಾಹ್ನದವರೆಗೆ ಕಣ್ಣು ಕೆಂಪಾಗುವಂತೆ ಕೂತು ನೋಡಿದ. ಶನಿವಾರದಿಂದ ಸೋಮವಾರ ಬೆಳಗಿನವರೆಗೆ ಹೊರಗಿನವರು ಒಬ್ಬರೂ ಒಳಗೆ ಹೋಗಿರಲಿಲ್ಲ. ತಾರಸಿಗೆ ಬೇರೆ ದಾರಿ ಇಲ್ಲ. ಆ ಕಟ್ಟಡದಲ್ಲಿ ಉಳಿದಿದ್ದವು ನಾಲ್ಕೇ ಸಂಸಾರ: ಲಾಂಡ್ರಿಯವನದು, ಗಡಿಯಾರದವನದು, ಬೇಕರಿಯವನದು, ದರ್ಜಿಯದು.

“ಹಾಗಾದ್ರೆ ಒಳಗಿನವರೇ,” ಎಂದರು ಇನ್ಸ್‌ಪೆಕ್ಟರ್. ಆ ಮಾತು ಅವರಿಗೇ ರುಚಿಸಲಿಲ್ಲ.

*

ಶವವನ್ನು ಮನೆಯವರಿಗೆ ಒಪ್ಪಿಸಿದ್ದು ಮಂಗಳವಾರ ಸಂಜೆ. ದಫೇದಾರಮ್ಮ ಸಮವಸ್ತ್ರ ಕಳಚಿ, ಸಾದಾ ಬಟ್ಟೆಯಲ್ಲಿ ಹೋಗಿ ಜನರ ನಡುವೆ ನಿಂತರು.

ದೇಹವನ್ನು ಬೀದಿಯಲ್ಲೇ, ಬೇಕರಿಯ ಮುಂದೆ ಬೆಂಚಿನ ಮೇಲೆ ಇಟ್ಟಿದ್ದರು. ಮೂರನೇ ಮಹಡಿಯಿಂದ ದರ್ಜಿಯ ಹೆಂಡತಿಯನ್ನು ಇಳಿಸಿ ತಂದರು. ಎರಡು ವರ್ಷದ ಹಿಂದೆ ಮೆಟ್ಟಿಲಲ್ಲಿ ಬಿದ್ದು ಆಕೆಯ ಸೊಂಟದ ಮೂಳೆ ಮುರಿದಿತ್ತು. ಅದು ಸರಿಯಾಗಿ ಕೂಡಲಿಲ್ಲ. ಅಂದಿನಿಂದ ಆಕೆ ಮಂಚ ಬಿಟ್ಟಿರಲಿಲ್ಲ. ಕುರ್ಚಿಯೊಂದರಲ್ಲಿ ಕೂರಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿ, ನಾಲ್ಕು ಜನ ಹೊತ್ತಿದ್ದರು. ಮೆಟ್ಟಿಲ ತಿರುವು ಎಷ್ಟು ಇಕ್ಕಟ್ಟೆಂದರೆ ಪ್ರತಿ ತಿರುವಿನಲ್ಲೂ ಕುರ್ಚಿಯನ್ನು ತಲೆಯ ಮೇಲಕ್ಕೆ ಎತ್ತಬೇಕಾಯಿತು. ಆಕೆ ಕಣ್ಣು ಮುಚ್ಚಿಕೊಂಡು ನರಳುತ್ತಿದ್ದಳು. ಕುರ್ಚಿಯ ಮುಂದಿನ ಎಡಗಾಲು ಹಿಡಿದಿದ್ದವನು ಗಂಡ. ಸುಟ್ಟ ಕೈಯಿಂದಲೇ ಹಿಡಿದಿದ್ದ.

ಬೀದಿಗೆ ಬಂದ ಮೇಲೆ ಕಣ್ಣು ತೆರೆದ ಆಕೆ ಅಣ್ಣನ ಕಡೆ ನೋಡುವ ಮೊದಲು ಸುತ್ತ ನೋಡಿದಳು. ಗಾಜಿನ ಬಾಲ್ಕನಿಗಳು, ಕಾಫಿ ಅಂಗಡಿಯ ಬಣ್ಣದ ಕೊಡೆಗಳು, ಅಲ್ಲಿ ಕೂತು ಇತ್ತಲೇ ನೋಡುತ್ತಿದ್ದ ಅಪರಿಚಿತರು.

“ಇದು ಯಾವ ಬೀದಿ?” ಎಂದಳು. “ನನ್ನನ್ನ ಎಲ್ಲಿಗೆ ಕರ್ಕೊಂಡು ಬಂದ್ರಿ?”

“ನಮ್ಮ ಬೀದೀನೇ ಅತ್ತೆ,” ಎಂದಳು ಭಟ್ಟಿಯಣ್ಣನ ಮಗಳು.

ಆಕೆ ನಂಬಲಿಲ್ಲ. ಬೇಕರಿಯ ಬಾಗಿಲು ಕಂಡ ಮೇಲೆ ನಂಬಿದಳು. ಆಮೇಲೆ ಬೆಂಚಿನ ಕಡೆ ನೋಡಿದಳು.

ದರ್ಜಿ ಆ ಹೊತ್ತಿನಲ್ಲಿ ಅಳಲಿಲ್ಲ. ಗೋಡೆಗೆ ಒರಗಿ ನಿಂತು ತಾರಸಿಯ ಕೊಳವೆಯನ್ನೇ ನೋಡುತ್ತಿದ್ದನೆಂದು ದಫೇದಾರಮ್ಮ ಠಾಣೆಗೆ ಮರಳಿ ಹೇಳಿದರು. ಮರಣೋತ್ತರ ವರದಿ ಇನ್ಸ್‌ಪೆಕ್ಟರ್ ಮುಂದಿತ್ತು. ಹೊಗೆಯ ವಿಷಾನಿಲದಿಂದ ನಿದ್ದೆಯಲ್ಲೇ ಸಾವು, ಮೈಮೇಲೆ ಬೇರೆ ಗಾಯವಿಲ್ಲ.

*

ಬುಧವಾರ ಇನ್ಸ್‌ಪೆಕ್ಟರ್ ನಗರಸಭೆಯ ಆರೋಗ್ಯಾಧಿಕಾರಿಯನ್ನು ಕಾಣಲು ಹೋದರು. ಬೇಕರಿಯ ಮೇಲೆ ಕಂಪನಿ ಎಷ್ಟು ಸಲ ದೂರು ಕೊಡಿಸಿದೆ ಎಂದು ತಿಳಿಯುವುದಷ್ಟೇ ಅವರ ಉದ್ದೇಶ. ಅಧಿಕಾರಿ ಚಹಾ ತರಿಸಿದ.

“ದೂರು ಬೇಕಾದಷ್ಟು ಬಂದಿದೆ. ಎಲ್ಲ ಎದುರು ಕಟ್ಟಡದವರದ್ದೇ. ಆದ್ರೆ ಪಾಪ, ಆ ಮನುಷ್ಯ ಹೇಳಿದ್ದೆಲ್ಲ ಮಾಡ್ತಿದ್ದ. ಮುಚ್ಚಿಸೋಕೆ ಕಾರಣ ಸಿಗ್ತಿರಲಿಲ್ಲ. ಸೋಮವಾರ ಹೋಗಿದ್ದೆ ನೋಡಿ, ಅಷ್ಟರಲ್ಲಿ ಹೀಗಾಗಿತ್ತು. ಆಂಬುಲೆನ್ಸ್ ನಿಂತಿತ್ತು, ವಾಪಸ್ ಬಂದೆ.”

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟರು. “ಸೋಮವಾರ ಯಾಕೆ ಹೋಗಿದ್ರಿ?”

“ಫೋನ್ ಬಂದಿತ್ತು. ಬೇಕರಿ ಹೊಗೆ ಮನೆಯೊಳಗೆಲ್ಲ ತುಂಬಿಕೊಳ್ಳುತ್ತೆ, ಮನೇಲಿ ರೋಗಿ ಇದ್ದಾರೆ, ಬಂದು ನೋಡಿ ಮುಚ್ಚಿಸಿ ಅಂತ.”

“ಎಷ್ಟು ಹೊತ್ತಿಗೆ ಬಂತು?”

“ಭಾನುವಾರ ಸಂಜೆ. ರಜಾ ದಿನ ಬೇರೆ, ಮಗಳ ಜೊತೆ ಆಟದ ಮೈದಾನದಲ್ಲಿದ್ದೆ. ನಾಳೆ ಬೆಳಗ್ಗೆ ಬೇಗ ಬನ್ನಿ, ಖಂಡಿತ ಹೊಗೆ ಇರುತ್ತೆ, ನಿಮ್ಮ ಕಣ್ಣಾರೆ ನೋಡಬಹುದು ಅಂದ.”

“ನಾಳೆ ಹೊಗೆ ಇರುತ್ತೆ ಅಂತ ಹಿಂದಿನ ದಿನವೇ ಅವನಿಗೆ ಹೇಗೆ ಗೊತ್ತು?”

ಅಧಿಕಾರಿ ಮೊಬೈಲು ಕೈಗೆತ್ತಿಕೊಂಡ. “ನಾನು ಆ ಕಡೆಯಿಂದ ಯೋಚಿಸಲೇ ಇಲ್ಲ.”

ನಂಬರು ಅವನ ಮೊಬೈಲಿನಲ್ಲಿ ಇನ್ನೂ ಇತ್ತು. ಸಂಜೆಯೊಳಗೆ ಚಂದಾದಾರರ ವಿವರ ಬಂತು. ಹೆಸರು ಒಬ್ಬ ಹೆಂಗಸಿನದು. ವಿಳಾಸ, ಹಳೇ ಬೀದಿ, ಅದೇ ಕಟ್ಟಡ, ಮೂರನೇ ಮಹಡಿ.

ದಫೇದಾರಮ್ಮ ಕಾಗದವನ್ನು ಎರಡು ಸಲ ಓದಿದರು. “ಸತ್ತವನ ಒಡಹುಟ್ಟಿದ ತಂಗಿ ಸಾರ್.”

*

ಗುರುವಾರ ಬೆಳಗ್ಗೆ ಮೂವರೂ ಮೆಟ್ಟಿಲು ಹತ್ತಿದರು. ಎರಡು ಕೋಣೆಯ ಮನೆ. ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಬೀದಿಯಲ್ಲಿದ್ದ ದರ್ಜಿಯ ಅಂಗಡಿ ಹೋಗಿ ಈಗ ಅಲ್ಲಿ ಕಾಫಿ ಅಂಗಡಿಯ ಅಡುಗೆಮನೆಯಿತ್ತು. ಮನೆಯಲ್ಲೇ ಕೂತು ಆತ ಎದುರಿನ ಹೊಸ ಮನೆಗಳಿಗೆ ಪರದೆ ಹೊಲಿಯುತ್ತಿದ್ದ. ಗಾಜಿನ ಕಿಟಕಿಗಳ ಉದ್ದದ ಪರದೆ ಕೋಣೆ ತುಂಬ ಹರಡಿತ್ತು. ದರ್ಜಿ ಅವರನ್ನು ನೋಡಿ ಎದ್ದು ನಿಂತ.

“ನಿಮ್ಮ ಮನೆಯವರ ಹತ್ತಿರ ಒಂದೆರಡು ಮಾತು ಕೇಳಬೇಕು,” ಎಂದರು ದಫೇದಾರಮ್ಮ. “ನೀವು ಕೆಲಸ ಮಾಡ್ಕೊಳ್ಳಿ.”

ದರ್ಜಿ ಕೂತ. ಯಂತ್ರ ಮತ್ತೆ ಓಡತೊಡಗಿತು.

ಒಳಕೋಣೆಯಲ್ಲಿ ತಗ್ಗಿನ ಮಂಚ. ಕಿಟಕಿ ಎತ್ತರದಲ್ಲಿತ್ತು. ಮಲಗಿದವರಿಗೆ ಅದರಿಂದ ಆಕಾಶದ ಒಂದು ತುಂಡು ಬಿಟ್ಟರೆ ಬೇರೇನೂ ಕಾಣದು. ದಫೇದಾರಮ್ಮ ಮಂಚದ ಅಂಚಿನಲ್ಲಿ ಕೂತರು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತರು.

“ಅಮ್ಮಾ, ಈ ನಂಬರ್ ನಿಮ್ದೇನಾ?”

“ನಂದೇ. ಅಣ್ಣನ ಮಗಳು ತೆಗೆಸಿಕೊಟ್ಟಳು. ಏನಾದ್ರೂ ಬೇಕಾದ್ರೆ ಕೂಗಬೇಡ ಅತ್ತೆ, ಫೋನ್ ಮಾಡು ಅಂತ.”

“ಭಾನುವಾರ ಸಂಜೆ ಇದರಿಂದ ಯಾರಿಗಾದ್ರೂ ಮಾಡಿದ್ರಾ?”

“ನಾನು ಯಾರಿಗೆ ಮಾಡಲಿ? ನನಗಿರೋದೇ ಇಬ್ಬರು. ಒಬ್ಬಳು ಕೆಳಗಿನ ಮನೇಲಿ. ಅಣ್ಣ ದಿನಾ ಮೇಲೆ ಹತ್ತಿ ಬರ್ತಾನೆ. ಬರ್ತಿದ್ದ.”

“ಬೇರೆ ಯಾರಾದ್ರೂ ಫೋನ್ ತಗೊಂಡಿದ್ರಾ?”

“ಇವರೇ ತಗೊಂಡ್ರು. ತಮ್ಮದರಲ್ಲಿ ಕರೆನ್ಸಿ ಇಲ್ಲ ಅಂದ್ರು. ಒಣಗಿದ ಬಟ್ಟೆ ತರ್ತೀನಿ ಅಂತ ತಾರಸಿಗೆ ಹೋಗುವಾಗ…”

ಆಕೆ ಮಾತು ಅಲ್ಲಿಗೇ ನಿಲ್ಲಿಸಿದಳು. ಹೊರಕೋಣೆಯಲ್ಲಿ ಯಂತ್ರ ಯಾವಾಗಲೋ ನಿಂತಿತ್ತು. ಆಕೆ ದಫೇದಾರಮ್ಮನ ಮುಖ ನೋಡಿದಳು, ಆಮೇಲೆ ಬಾಗಿಲಲ್ಲಿದ್ದ ಇನ್ಸ್‌ಪೆಕ್ಟರ್ ಮುಖ. ಬಟ್ಟೆ ತರಲು ಹೋದವರಿಗೆ ಫೋನೇಕೆ ಬೇಕಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ದರ್ಜಿ ಇನ್ಸ್‌ಪೆಕ್ಟರ್ ಹಿಂದೆ ಬಂದು ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಅವಳನ್ನ ಕೇಳಬೇಡಿ. ನನ್ನ ಕೇಳಿ. ನಾನೇ ಮಾಡಿದ್ದು.”

“ಏನು ಮಾಡಿದ್ದು?”

“ಚೀಲ ಹೊಲಿದಿದ್ದು. ಇಟ್ಟಿದ್ದು. ಫೋನ್ ಮಾಡಿದ್ದು. ಎಲ್ಲ ನಾನೇ.”

ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ದರ್ಜಿ ಒಳಗೆ ಬಂದ. “ಸಾರ್, ಇವಳಿಗೆ ಮಗ್ಗುಲು ಬದಲಿಸೋ ಹೊತ್ತಾಯ್ತು. ತಡವಾದ್ರೆ ಬೆನ್ನು ಹುಣ್ಣಾಗುತ್ತೆ. ಬದಲಿಸಿ ಬರ್ತೀನಿ,” ಎಂದು ಮಂಚದ ಕಡೆ ಬಾಗಿದ.

“ಮುಟ್ಟಬೇಡ ನನ್ನ.”

ಇಷ್ಟು ವರ್ಷ ಇವರು, ಅವರು ಎನ್ನುತ್ತಿದ್ದವಳ ಬಾಯಿಂದ ಆ ಏಕವಚನ ಕೇಳಿ ದರ್ಜಿಯ ಕೈ ಅಲ್ಲೇ ನಿಂತಿತು. ನಿಧಾನವಾಗಿ ಹಿಂದೆ ಸರಿದ. ದಫೇದಾರಮ್ಮನೂ ಏಣಿಯೂ ಸೇರಿ ಆಕೆಯ ಮಗ್ಗುಲು ಬದಲಿಸಿದರು. ಏಣಿಗೆ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ದರ್ಜಿಯೇ ದೂರದಿಂದ ಹೇಳಿಕೊಟ್ಟ. “ಸೊಂಟದ ಕೆಳಗೆ ಅಲ್ಲಪ್ಪ. ತೊಡೆ ಹತ್ತಿರ. ಹಾಂ, ಅಲ್ಲಿ. ಮೊಣಕಾಲ ನಡುವೆ ದಿಂಬು ಇಡು.”

ಹನ್ನೊಂದು ಗಂಟೆಗೆ ಬಂಧನ ದಾಖಲಾಯಿತು.

*

ಠಾಣೆಯಲ್ಲಿ ದರ್ಜಿ ಯಾವುದನ್ನೂ ಮುಚ್ಚಿಡಲಿಲ್ಲ.

“ಕೊಳವೆ ಅಳತೆ ಹೇಗೆ ಗೊತ್ತಿತ್ತು?”

“ಕಟ್ಟಿದ್ದೇ ನಾವಿಬ್ಬರು ಸಾರ್. ಈ ಊರಿಗೆ ಬಂದ ವರ್ಷ. ಭಾವ ಇಟ್ಟಿಗೆ ಇಡ್ತಿದ್ದ, ನಾನು ಹೊತ್ತು ಕೊಡ್ತಿದ್ದೆ.”

“ಹಗ್ಗ?”

“ಆರೋಗ್ಯದವರು ಬಂದು ನೋಡಿ ಬೇಕರಿಗೆ ಬೀಗ ಹಾಕ್ತಾರೆ, ಅವರು ಹೋದ ಮೇಲೆ ಎಳೆದು ತೆಗೆಯೋಣ ಅಂತಿದ್ದೆ. ಅಂಗಡಿ ಮುಚ್ಚಿದ್ರೆ ಭಾವ ರುಜು ಹಾಕ್ತಾನೆ ಅಂತ.”

“ಆತ ಅಟ್ಟದಲ್ಲಿ ಮಲಗ್ತಿದ್ದದ್ದು?”

“ಗೊತ್ತಿರಲಿಲ್ಲ.” ದರ್ಜಿ ಸುಟ್ಟ ಮುಂಗೈಯನ್ನು ಮಡಿಲಿಗೆ ಎಳೆದುಕೊಂಡ. “ಹೊಗೆ ಬಂದ್ರೆ ಬೈತಾ ಹೊರಗೆ ಓಡಿ ಬರ್ತಾನೆ ಅಂದ್ಕೊಂಡಿದ್ದೆ. ಬೆಳಗ್ಗೆ ಬೇಗ ಎದ್ದು, ಆ ಬೈಗುಳ ಕೇಳಿಸಿಕೊಳ್ಳೋಕೆ ಅಂತ ಕಿವಿಕೊಟ್ಟು ಕೂತಿದ್ದೆ ಸಾರ್. ಕೇಳಿಸಿದ್ದು ಹುಡುಗಿ ಕೂಗು.”

“ಆಮೇಲೂ ಚೀಲ ತೆಗೀಲಿಲ್ಲ?”

“ಭಾವನ್ನ ಹೊತ್ತು ಇಳಿಸಿದ ಮೇಲೆ ತಾರಸಿ ಹತ್ತೋಕೆ ಕಾಲು ಬರಲಿಲ್ಲ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಬಾಯಿಬಿಟ್ಟು ಕೇಳಬಹುದಿತ್ತಲ್ರೀ. ಒಂದೇ ಮನೆಯವರು.”

“ಕೇಳಿದ್ದೆ. ಕಾಲು ಹಿಡಿದೂ ಕೇಳಿದ್ದೆ. ಆ ಹೊಸ ಬ್ಲಾಕಲ್ಲಿ ಭಟ್ಟಿ ಹಾಕೋ ಹಾಗಿಲ್ಲ ಸಾರ್. ಸೌದೆ ಉರಿಸಬಾರದಂತೆ. ‘ಅಲ್ಲಿ ಹೋಗಿ ನಾನು ಏನು ಮಾಡಲಿ ಭಾವ, ಗೋಡೆ ನೋಡ್ತಾ ಕೂರಲಾ’ ಅಂದ. ಅವನು ಹೇಳಿದ್ದೂ ತಪ್ಪಲ್ಲ. ಇನ್ನೂ ಬೇರೆ ಜಾಗ ನೋಡೋಣ, ಕೋರ್ಟಿಗೆ ಹೋಗೋಣ, ಸ್ವಲ್ಪ ತಡಿ ಅಂತಿದ್ದ. ಅವನಿಗೆ ತಡೆಯೋಕೆ ಆಗ್ತಿತ್ತು. ಕಂಪನಿ ಮನೆ ನೋಡೋಕೆ ಎಲ್ಲರನ್ನೂ ಬಸ್ಸಲ್ಲಿ ಕರ್ಕೊಂಡು ಹೋದಾಗ ನಾನೂ ಹೋಗಿದ್ದೆ. ಅಲ್ಲಿ ಲಿಫ್ಟ್ ಇದೆ ಸಾರ್. ಗಾಲಿಕುರ್ಚಿ ಕೊಂಡು, ಅವಳನ್ನ ಕೂರಿಸಿ, ಗುಂಡಿ ಒತ್ತಿದ್ರೆ ಸಾಕು, ನಾನೊಬ್ಬನೇ ಕೆಳಗೆ ಇಳಿಸಬಹುದು. ಆ ದಿನ ಒಬ್ಬನೇ ಅದರಲ್ಲಿ ನಾಲ್ಕು ಸಲ ಹತ್ತಿ ಇಳಿದೆ. ಬಸ್ಸಿನವರು ಬೈದು ಕರೆದರು.”

ಏಣಿ ಎದ್ದು ಹೊರಗೆ ಹೋದ.

ಮೂರನೇ ಮಹಡಿಗೆ ಹೋಗಿ ಆಕೆಯ ಹೇಳಿಕೆ ಪಡೆದವರು ದಫೇದಾರಮ್ಮ. ಅಣ್ಣನ ಮಗಳು ಪಕ್ಕದಲ್ಲೇ ಇದ್ದಳು. ಕೇಳಿದ್ದಕ್ಕೆಲ್ಲ ಆಕೆ ಗೋಡೆ ನೋಡುತ್ತ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಬರೆದು ಮುಗಿಸಿ ಎದ್ದಾಗ ಮಾತ್ರ ತಾನಾಗಿ ಹೇಳಿದಳು:

“ಒಂದೇ ಸಲ ಅಂದಿದ್ದೆ ಕಣಮ್ಮ. ಒಂದು ದಿನ ಕೆಳಗೆ ಹೋಗಿ ಬೀದಿ ನೋಡಬೇಕು ಅಂತ. ಬಾಯಿ ಮಾತಿಗೆ ಅಂದಿದ್ದೆ.”

ಆರೋಪಪಟ್ಟಿ ಸಿದ್ಧವಾಗುವಾಗ ಇನ್ಸ್‌ಪೆಕ್ಟರ್ ಕಂಪನಿಯ ಷರತ್ತಿನ ವಿಷಯವನ್ನೂ ಅದರಲ್ಲಿ ಸೇರಿಸಬೇಕೆಂದು ಪಟ್ಟು ಹಿಡಿದರು. ಸರ್ಕಾರಿ ವಕೀಲರು ಪುಟ ತಿರುವಿ ಹಾಕಿ, ಇದರಲ್ಲಿ ಅಪರಾಧ ಎಲ್ಲಿದೆ ತೋರಿಸಿ ಎಂದರು. ತೋರಿಸಲಾಗಲಿಲ್ಲ. ಎದುರು ಕಟ್ಟಡದವರ ದೂರುಗಳಲ್ಲೂ ಅಪರಾಧವಿರಲಿಲ್ಲ. ಕೊಲ್ಲುವ ಉದ್ದೇಶವಿಲ್ಲದ ನರಹತ್ಯೆ, ಆರೋಪಿ ಒಬ್ಬನೇ ಎಂದು ಆರೋಪಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿ ಏಳನೇ ಮಹಡಿಯ ಮನೆಯ ಮಾತು ತೆಗೆದಾಗ ಇನ್ಸ್‌ಪೆಕ್ಟರ್ ಬೇಡ ಎಂದರು.

ಗಡುವಿನ ಹಿಂದಿನ ದಿನ ಭಟ್ಟಿಯಣ್ಣನ ಮಗಳು ಕಂಪನಿಯ ಕಾಗದಕ್ಕೆ ರುಜು ಹಾಕಿದಳು. ಆಮೇಲೆ ಠಾಣೆಗೆ ಬಂದಳು. ಈ ಸಲ ಕುರ್ಚಿಯಲ್ಲಿ ಕೂತಳು.

“ಅತ್ತೆನ ಆ ಮಹಡೀಲಿ ನಾನೊಬ್ಬಳೇ ನೋಡ್ಕೊಳ್ಳೋಕೆ ಆಗಲ್ಲ ಸಾರ್. ಅದಕ್ಕೆ ಹಾಕಿದೆ. ನನ್ನ ಜೊತೇಲೇ ಇಟ್ಕೊಳ್ತೀನಿ.” ಎದ್ದು ನಿಂತು ಹೇಳಿದಳು: “ಮಾವನಿಗೆ ಜಾಮೀನು ಸಿಗದ ಹಾಗೆ ನೋಡ್ಕೊಳ್ಳಿ.”

ಮುಂದಿನ ವಿಚಾರಣೆಯ ದಿನ ದರ್ಜಿಯನ್ನು ಜೈಲಿನಿಂದ ಕರೆತಂದಿದ್ದರು. ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದ ಆತ ದಫೇದಾರಮ್ಮನನ್ನು ಕಂಡು ಎದ್ದ. ಮೈಯಿಳಿದು ಅಂಗಿ ಜೋತಾಡುತ್ತಿತ್ತು.

“ಹೊಸ ಮನೆಗೆ ಹೋದ್ರಂತೆ?”

“ಹೋದ್ರು. ಐದನೇ ಮಹಡಿ.”

“ಲಿಫ್ಟಿನ ಬಾಗಿಲು ಅಗಲ ಇದೆಯಾ ಅಮ್ಮಾ? ಗಾಲಿಕುರ್ಚಿ ಹಿಡಿಸುತ್ತಾ?”

“ಹಿಡಿಸುತ್ತೆ,” ಎಂದರು ದಫೇದಾರಮ್ಮ.

ದರ್ಜಿ ತಲೆಯಾಡಿಸಿ ಕೂತ. ಸಾಕ್ಷಿಗೆ ಸಮನ್ಸ್ ಕೊಡಲೆಂದು ದಫೇದಾರಮ್ಮ ಆ ಮನೆಗೆ ಹೋಗಿ ಬಂದು ಎರಡು ದಿನವಾಗಿತ್ತು. ಗಾಲಿಕುರ್ಚಿ ಬಾಗಿಲ ಹಿಂದೆ ಮಡಿಸಿಟ್ಟ ಹಾಗೇ ಇತ್ತು. ಆಕೆ ಒಂದು ದಿನವೂ ಕೆಳಗಿಳಿಯಲು ಒಪ್ಪಿಲ್ಲವೆಂದು ಹುಡುಗಿ ಹೇಳಿದ್ದಳು. ಅದನ್ನು ಅವರು ದರ್ಜಿಗೆ ಹೇಳಲಿಲ್ಲ.